ನೆರಳಿನ ಹಿಂದೆ ತಳ್ಳಿದ ಕಾರು

ಕೂಡ್ಲಿಗಿಯಲ್ಲಿ ಹೊಸದಾಗಿ ಕಾರು ತೊಳೆಯುವ ವಾಟರ್ ಸರ್ವಿಸ್ ಅಂಗಡಿ ಇಟ್ಟಿರುವ ಇಬ್ಬರು ಹುಡುಗರು ಮೊನ್ನೆ ನಮ್ಮ ಮನೆಗೆ ಬಂದಿದ್ದರು. ಒಬ್ಬ ಡಿಪ್ಲೊಮಾ ಮುಗಿಸಿದವನು, ಇನ್ನೊಬ್ಬ ಓದಿನ ಗೊಡವೆಗೇ ಹೋಗದವನು. ಚಹಾ ಆರುವುದರೊಳಗೆ ಇಬ್ಬರೂ ಒಂದೇ ಪ್ರಶ್ನೆಯನ್ನು ತಿರುವಿ ಮುರುವಿ ಕೇಳಿದರು. ಕಾರಿಗೆ ವ್ಯಾಕ್ಸ್ ಹಚ್ಚುವುದು ಕೈಯಿಂದ ಒಳ್ಳೆಯದೋ, ಮಶೀನಿನಿಂದ ಒಳ್ಳೆಯದೋ? ಎರಡನ್ನೂ ಮಾಡಿ ಕೈ ಸವೆಸಿಕೊಂಡವನು ನಾನು. ಆದರೆ ಬಾಯಲ್ಲಿ ಹೇಳಹೋದರೆ ನನ್ನ ಹೆಂಡತಿ ನಡುವೆ ಬಂದು ಅರ್ಧ ಕತೆ ತಾನೇ ಹೇಳಿಬಿಡುತ್ತಾಳೆ, ಅದೂ ನನಗಿಂತ ಚೆನ್ನಾಗಿ. ಅದಕ್ಕೇ ಬರೆಯಲು ಕೂತಿದ್ದೇನೆ.

ನನ್ನ ಊರು ಕೊಟ್ಟೂರು, ಹೆಸರು ಕೊಟ್ರಪ್ಪ. ಇದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ನಮ್ಮೂರ ಬಸ್ ನಿಲ್ದಾಣದಲ್ಲಿ ನಿಂತು ಈ ಹೆಸರು ಕೂಗಿದರೆ ಕಂಡಕ್ಟರನನ್ನೂ ಸೇರಿಸಿ ಅರ್ಧ ಜನ ತಿರುಗಿ ನೋಡುತ್ತಾರೆ. ಹಾಗಾಗಿ ಗುರುತಿಗೆ ಇರಲಿ ಎಂದು ನನ್ನನ್ನು ಪಾಲಿಶ್ ಕೊಟ್ರಪ್ಪ ಎನ್ನುತ್ತಾರೆ. ಹರಪನಹಳ್ಳಿ ರಸ್ತೆಯಲ್ಲಿ ಒಂದು ದೊಡ್ಡ ಬೇವಿನ ಮರದ ಬುಡದಲ್ಲಿ ನನ್ನ ಅಂಗಡಿ ಇತ್ತು. ಅಂಗಡಿ ಎಂದರೆ ಒಂದು ನೀರಿನ ತೊಟ್ಟಿ, ಸಾಮಾನಿಡಲು ತಗಡಿನ ಖೋಲಿ, ಕೂಡಲು ಒಂದು ಬೆಂಚು. ಮಿಕ್ಕಿದ್ದೆಲ್ಲ ಮರದ ಆಸ್ತಿ. ಹೋದ ವರ್ಷ ಭುಜದ ನೋವಿಗೆ ಡಾಕ್ಟರು ಕೈ ಮೇಲೆತ್ತಬೇಡ ಎಂದರು. ಕೈ ಎತ್ತದೆ ಕಾರಿನ ಟಾಪು ಒರೆಸುವ ವಿದ್ಯೆ ನನಗೆ ಗೊತ್ತಿಲ್ಲ. ಅಂಗಡಿಯನ್ನು ತಂಗಿಯ ಅಳಿಯನಿಗೆ ಒಪ್ಪಿಸಿ ಮನೆ ಸೇರಿದೆ.

ಕೆಲಸ ಕಲಿತದ್ದು ಹೊಸಪೇಟೆಯಲ್ಲಿ, ಇಮಾಮ್ ಸಾಹೇಬರೆಂಬ ಉಸ್ತಾದರ ಹತ್ತಿರ. ಗಣಿಯ ಧೂಳು ಹೊತ್ತು ಬರುತ್ತಿದ್ದ ಜೀಪು, ಕಾರುಗಳೇ ಅವರ ಗಿರಾಕಿಗಳು. ತೊಳೆದು ಮುಗಿದ ಕಾರು ನನ್ನ ಕಣ್ಣಿಗೆ ಲಕಲಕ ಅನ್ನುತ್ತಿತ್ತು. ಉಸ್ತಾದರು ಮಾತ್ರ ಸಿಗರೇಟು ಪ್ಯಾಕಿನ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯನ್ನು ನನ್ನ ಬೆರಳಿಗೆ ಸುತ್ತಿ, "ಕಣ್ ಮುಚ್ಚು, ಈಗ ಸವರು. ಏನ್ ಸಿಗ್ತೈತಿ?" ಎನ್ನುತ್ತಿದ್ದರು.

"ರವಾ ಸಿಕ್ಕಂಗ ಆಗ್ತೈತಿ ಉಸ್ತಾದ್."

"ರವಾ ಅಲ್ಲ ಬೇಟಾ, ಅದು ಅದಿರು. ಅದರ ಮ್ಯಾಲ ವ್ಯಾಕ್ಸ್ ತಿಕ್ಕಿದ್ರ ಪಾಲಿಶ್ ಮಾಡಿದಂಗಲ್ಲ, ಎಮರಿ ಪೇಪರ್ ಹಾಕಿ ಉಜ್ಜಿದಂಗ."

ಈ ಪಾಠವನ್ನು ಮೊದಲೇ ಹೇಳಿಬಿಡುತ್ತೇನೆ. ಕೈಯಿಂದ ಮಾಡಿ, ಮಶೀನಿನಿಂದ ಮಾಡಿ, ಹಚ್ಚುವ ಮುಂಚೆ ಬಣ್ಣದ ಮೇಲೆ ಏನೂ ಕೂತಿರಬಾರದು. ಬರೀ ನೀರಿಗೆ ಹೋಗದ್ದನ್ನು ಈಗ ಮೆತ್ತನೆಯ ಜೇಡಿಯ ಉಂಡೆ ಉಜ್ಜಿ ಎಳೆದು ತೆಗೆಯುತ್ತಾರೆ. ನಮ್ಮ ಕಡೆ ಧೂಳಿಗೂ ಊರುಂಟು. ಕೂಡ್ಲಿಗಿ ಕಡೆಯಿಂದ ಬಂದ ಕಾರು ಕೆಂಪಗೆ ಇರುತ್ತದೆ. ಹಡಗಲಿ ಕಡೆಯದು ಮಳೆಗಾಲದಲ್ಲಿ ಚಕ್ರದ ಗೂಡಿನಲ್ಲಿ ಕರಿ ಎರೆಮಣ್ಣು ಮೆತ್ತಿಕೊಂಡು ಬರುತ್ತದೆ. ಹೊಳೆದಂಡೆಯ ಮಾಗಳದ ಕಾರಿನ ಬಾಗಿಲು ತೆರೆದರೆ ಕೆಳಗಿನ ಸಂದಿಯಿಂದ ಹೊಳೆಯ ಮರಳು ಉದುರುತ್ತದೆ. ಎಲ್ಲಿಂದ ಬಂದಿರಿ ಎಂದು ನಾನು ಗಿರಾಕಿಯನ್ನು ಕೇಳುತ್ತಿರಲಿಲ್ಲ. ನಾನೇ ಹೇಳಿ ಅವರನ್ನು ಬೆರಗು ಮಾಡುತ್ತಿದ್ದೆ.

ಕೊಟ್ಟೂರಿಗೆ ಬಂದು ಮೊದಲು ಕೆಲಸಕ್ಕೆ ಸೇರಿದ್ದು ವಿರೂಪಾಕ್ಷಪ್ಪನವರ ಶೆಡ್ಡಿಗೆ. ಅಂಥ ಜಿಪುಣರನ್ನು ನಾನು ಮತ್ತೆ ನೋಡಲಿಲ್ಲ. ವ್ಯಾಕ್ಸಿನ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಒಂದು ಕಾರಿಗೆ ಇಷ್ಟೇ ಎಂದು ಬೆರಳ ತುದಿಯಲ್ಲಿ ತೆಗೆದು ನನ್ನ ಬಟ್ಟೆಗೆ ಒರೆಸುತ್ತಿದ್ದರು. "ಹಣಿಗೆ ಕುಂಕುಮ ಇಟ್ಟಂಗ ಹಚ್ಚಲೇ. ಹೋಳಿಗಿಗೆ ತುಪ್ಪ ಸುರುವಿದಂಗ ಸುರುವಬ್ಯಾಡ." ನಾನು ಮನಸ್ಸಿನಲ್ಲೇ ಅವರಿಗೆ ಮಂಗಳಾರತಿ ಎತ್ತುತ್ತಿದ್ದೆ. ಸ್ವಂತ ಅಂಗಡಿ ಇಟ್ಟು ಕೈತುಂಬ ವ್ಯಾಕ್ಸ್ ಹಚ್ಚಿ, ಅದು ಒಣಗಿ ಚಕ್ಕಳವಾಗಿ, ಕೆರೆದು ಕೆರೆದು ಸಾಕಾದಾಗ ತಿಳಿಯಿತು, ಆ ಪುಣ್ಯಾತ್ಮ ಜಿಪುಣತನದಲ್ಲೇ ಸರಿಯಾದ ವಿದ್ಯೆ ಕಲಿಸಿದ್ದ ಎಂದು. ತೆಳ್ಳಗೆ ಹಚ್ಚಿದ್ದೇ ಹೊಳೆಯುತ್ತದೆ, ತೆಳ್ಳಗೆ ಹಚ್ಚಿದ್ದೇ ಬಾಳುತ್ತದೆ. ದಪ್ಪಗೆ ಹಚ್ಚಿದ್ದರಲ್ಲಿ ಮುಕ್ಕಾಲು ಪಾಲು ಒರೆಸುವ ಬಟ್ಟೆಗೇ ಹೋಗುತ್ತದೆ.

ಗಿರಾಕಿಗಳ ವಿಷಯಕ್ಕೆ ಬರೋಣ. ಇಟ್ಟಿಗಿ ಕಡೆಯ ಒಬ್ಬ ನಿವೃತ್ತ ಮಾಸ್ತರರು ವರ್ಷಕ್ಕೊಮ್ಮೆ ಬರುತ್ತಿದ್ದರು. ಎಲ್ಲ ಮುಗಿದ ಮೇಲೆ ಒಮ್ಮೆ ಮುಂದಿನ ಗಾಜಿನ ಕಡೆ ಬೆರಳು ತೋರಿಸಿ, "ಇದನ್ನಷ್ಟ ಯಾಕ ಬಿಟ್ಟಿ?" ಎಂದರು. ಗಾಜಿಗೆ ಬೇಡ, ಮಳೆ ಬಂದರೆ ದಾರಿ ಮಸುಕಾಗುತ್ತದೆ ಎಂದೆ. ಮಾಸ್ತರರು ಜೀವಮಾನದಲ್ಲಿ ಯಾರ ಮಾತನ್ನೂ ಕೇಳಿದವರಲ್ಲ, ನನ್ನದನ್ನು ಕೇಳುತ್ತಾರೆಯೇ? ತಾವೇ ಬಟ್ಟೆ ತೆಗೆದುಕೊಂಡು ಗಾಜಿಗೆಲ್ಲ ವ್ಯಾಕ್ಸ್ ಬಳಿದರು. ಊರು ದಾಟುವುದರೊಳಗೆ ಮಳೆ ಹಿಡಿಯಿತು. ವೈಪರ್ ಆಡಿದಷ್ಟೂ ಗಾಜು ಮಜ್ಜಿಗೆಯಾಯಿತಂತೆ. ಪಕ್ಕದ ಕಿಟಕಿಯಿಂದ ತಲೆ ಹೊರಗೆ ಹಾಕಿಕೊಂಡು ಮನೆ ಮುಟ್ಟಿದರು. ಮುಂದಿನ ವಾರ ಕೊಟ್ಟೂರ ಸಂತೆಯಲ್ಲಿ ಸಿಕ್ಕಾಗ, "ಲೇ ಕೊಟ್ರ, ಬಲಗಿವಿಯಾಗ ಇನ್ನೂ ನೀರೈತಿ ನೋಡು" ಎಂದು ತಲೆ ಬಾಗಿಸಿ ತೋರಿಸಿದರು. ತಪ್ಪು ಯಾರದೆಂಬ ಮಾತನ್ನು ಇಬ್ಬರೂ ಎತ್ತಲಿಲ್ಲ.

ಇನ್ನೊಬ್ಬರು ಹೊಸ ಕಾರಿಗೆ ಉಚ್ಚಂಗಿದುರ್ಗದ ಅಮ್ಮನ ಗುಡಿಯಲ್ಲಿ ಪೂಜೆ ಮಾಡಿಸಿ ನೇರ ನನ್ನ ಅಂಗಡಿಗೆ ತಂದರು. ಬಾನೆಟ್ ತುಂಬ ಭಂಡಾರದ ಅರಿಸಿನ, ನಡುವೆ ಕುಂಕುಮದ ದೊಡ್ಡ ಬೊಟ್ಟು. ಕಾರೆಲ್ಲ ಪಾಲಿಶ್ ಆಗಬೇಕು, ಆದರೆ ಅಮ್ಮನ ಬೊಟ್ಟು ಅಳಿಸಬಾರದು. ಮಶೀನಿಗೆ ಇಂಥ ಭಕ್ತಿ ಎಲ್ಲಿಂದ ಬರಬೇಕು? ತೋರುಬೆರಳಿಗೆ ಬಟ್ಟೆ ಸುತ್ತಿ, ರಂಗೋಲಿ ಬಿಡುವವರ ಹಾಗೆ ಬೊಟ್ಟಿನ ಸುತ್ತ ಸವರಿ ಕೊಟ್ಟೆ. ಬೇಸಿಗೆ ಕಳೆದ ಮೇಲೆ ಬೊಟ್ಟು ತಾನಾಗಿ ಉದುರಿಹೋಯಿತು. ಕೆಳಗೆ ಬಣ್ಣದಲ್ಲಿ ಅದರ ಗುಂಡನೆಯ ಕಲೆ ಮಾತ್ರ ಹಾಗೇ ಉಳಿಯಿತು. ಅಮ್ಮ ಕಾರಿನಲ್ಲೇ ನೆಲೆಸಿದಳು ಎಂದು ಅವರು ಇನ್ನೊಮ್ಮೆ ಕಾಯಿ ಒಡೆಸಿದರು. ಕುಂಕುಮದ ಸುಣ್ಣ ಬಣ್ಣವನ್ನು ತಿಂದಿದೆ ಎಂದು ಹೇಳುವಷ್ಟು ದಡ್ಡ ನಾನಲ್ಲ.

ಮಶೀನು ತಂದವನು ನನ್ನ ಹೆಂಡತಿಯ ತಮ್ಮ ನಾಗರಾಜ. ದಾವಣಗೆರೆಯಲ್ಲಿ ಯಾರೋ ಅದರಲ್ಲಿ ಕಾರು ಒರೆಸುವುದನ್ನು ನೋಡಿ ಮನಸೋತು, "ಮಾವ, ಇನ್ನ ಕೈ ನೋಯಂಗಿಲ್ಲ" ಎಂದು ಹೊತ್ತು ತಂದ. ಮೊದಲ ದಿನ ಸಿಕ್ಕಿಬಿದ್ದವರು ಊರಿನ ಒಬ್ಬ ಅಯ್ಯನವರು. ಬಿಳಿ ಧೋತರ, ಬಿಳಿ ಅಂಗಿ, ಹೊಸತನ್ನು ನೋಡುವ ಉತ್ಸಾಹದಲ್ಲಿ ಹತ್ತಿರವೇ ನಿಂತಿದ್ದರು. ನಾಗರಾಜ ಮಶೀನಿನ ತುದಿಯಲ್ಲಿ ತಿರುಗುವ ಸ್ಪಂಜಿಗೆ ವ್ಯಾಕ್ಸ್ ಮೆತ್ತಿ, ಅದನ್ನು ಕಾರಿಗೆ ಮುಟ್ಟಿಸುವ ಮೊದಲೇ ಗುಂಡಿ ಒತ್ತಿದ. ವ್ಯಾಕ್ಸೆಲ್ಲ ಚುಕ್ಕೆ ಚುಕ್ಕೆಯಾಗಿ ಹಾರಿ ಅಯ್ಯನವರ ಮೇಲೆ ಕೂತಿತು. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಕಾರಿಗೂ ಒಂದೀಟು ಉಳದೈತೇನಪ್ಪ?" ಎಂದರು. ಸ್ಪಂಜನ್ನು ಮೊದಲು ಬಣ್ಣಕ್ಕೆ ತಾಗಿಸಿ ಆಮೇಲೆ ಗುಂಡಿ ಒತ್ತಬೇಕು ಎಂಬುದು ಹೀಗೆ ನಮಗೆ ತಿಳಿಯಿತು. ಬಾನೆಟ್ಟಿನ ಅಂಚಿನಲ್ಲಿ ಬಣ್ಣ ತೆಳ್ಳಗಿರುತ್ತದೆ, ಅಲ್ಲಿ ಮಶೀನು ನಿಲ್ಲಿಸಿದರೆ ಅಡಿಯ ಪ್ರೈಮರ್ ಲೇಪ ಕಾಣಿಸುತ್ತದೆ ಎಂಬುದು ಎರಡನೆಯ ಗಿರಾಕಿಯ ಬೈಗುಳದಿಂದ ತಿಳಿಯಿತು. ಅಂದಿನಿಂದ ಅಂಚಿಗೆ ಟೇಪು ಅಂಟಿಸಿಕೊಳ್ಳುತ್ತಿದ್ದೆ.

ಈಗ ಹುಡುಗರ ಪ್ರಶ್ನೆಗೆ ನೇರ ಉತ್ತರ. ಕಂಪೌಂಡ್ ಬೇರೆ, ವ್ಯಾಕ್ಸ್ ಬೇರೆ. ಕಂಪೌಂಡ್ ಬಣ್ಣವನ್ನು ಕೂದಲೆಳೆಯಷ್ಟು ಸವೆಸಿ ಗೆರೆ ತೆಗೆಯುತ್ತದೆ, ಆ ಕೆಲಸಕ್ಕೆ ಮಶೀನಿನ ಮುಂದೆ ಕೈ ಏನೂ ಅಲ್ಲ. ವ್ಯಾಕ್ಸ್ ಮೇಲೆ ಕೂತು ಬಿಸಿಲು, ಧೂಳು, ಹಕ್ಕಿಯ ಹಿಕ್ಕೆಯಿಂದ ಕಾಯುತ್ತದೆ. ಅದನ್ನು ಕೈಯಿಂದ ಹಚ್ಚಿದರೂ ಅಷ್ಟೇ, ಮಶೀನಿನಿಂದ ಹಚ್ಚಿದರೂ ಅಷ್ಟೇ. ವ್ಯತ್ಯಾಸ ಹೊತ್ತಿನದು. ಕೈಗೆ ಬೆಳಗಿನಿಂದ ಸಂಜೆ ಬೇಕು, ಮಶೀನಿಗೆ ಎರಡು ಸಲ ಚಹಾ ಕುಡಿಯುವಷ್ಟು ಸಾಕು. ಎರಡಕ್ಕೂ ನೆರಳು ಬೇಕು, ಬಾನೆಟ್ ತಣ್ಣಗಿರಬೇಕು. ಕಾದ ತಗಡಿನ ಮೇಲೆ ವ್ಯಾಕ್ಸ್ ಹಂಚಿನ ಮೇಲಿನ ರೊಟ್ಟಿಯ ಹಾಗೆ ಹಿಡಿದುಕೊಳ್ಳುತ್ತದೆ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಆ ಹೊತ್ತಿನ ವ್ಯತ್ಯಾಸ ಇದೆಯಲ್ಲ, ಅದರ ಬಗ್ಗೆ ನನಗೆ ಇನ್ನೂ ಹೇಳುವುದಿದೆ. ಕೈಕೆಲಸದ ಕಾಲದಲ್ಲಿ ಕಾರು ಬಿಟ್ಟು ಹೋಗುವ ಪದ್ಧತಿ ಇರಲಿಲ್ಲ. ಬೇರೆ ಊರಿನಿಂದ ಬಂದವರು ಹೋಗುವುದಾದರೂ ಹೇಗೆ? ಮಾಲೀಕರು ಬೆಂಚಿನ ಮೇಲೆ ಇಡೀ ದಿನ ಕೂಡುತ್ತಿದ್ದರು. ಅವರನ್ನು ಮಾತಾಡಿಸಲು ಇನ್ನೊಬ್ಬರು, ಆ ಇನ್ನೊಬ್ಬರನ್ನು ಹುಡುಕಿಕೊಂಡು ಮತ್ತೊಬ್ಬರು. ಮಂಡಕ್ಕಿ, ಮಿರ್ಚಿ, ಚಹಾ. ಆ ಬೆಂಚಿನ ಮೇಲೆ ಎಷ್ಟೋ ಸಂಬಂಧ ಕೂಡಿವೆ, ಹೊಲದ ಬದುವಿನ ಜಗಳ ಬಗೆಹರಿದಿವೆ. ಮಶೀನು ಬಂದ ಮೇಲೆ ಗಿರಾಕಿ ನಿಂತೇ ಇರುತ್ತಾನೆ. ಫೋನು ನೋಡುತ್ತಾನೆ, ಆಯ್ತೇನು ಎನ್ನುತ್ತಾನೆ, ಹೋಗುತ್ತಾನೆ. ನನಗೆ ಇದು ಬೇಸರವಾಗುತ್ತಿತ್ತು, ಮುಚ್ಚಿಡುವುದೇನು.

ಇಲ್ಲಿಂದ ಮುಂದಿನದು ಐದಾರು ವರ್ಷದ ಹಿಂದಿನ ಮಾತು. ನನ್ನ ಕೆಲಸದಲ್ಲಿ ನಾನು ಮರೆಯದ ದಿನ ಅದು.

ಬೆಳಗ್ಗೆ ಹರಪನಹಳ್ಳಿಯ ಹಾಲೇಶಪ್ಪನವರು ಬಂದರು. ಮಂಡಕ್ಕಿ ಭಟ್ಟಿಯ ಮಾಲೀಕರು, ನನ್ನ ಹಳೆಯ ಗಿರಾಕಿ. ಕಡುನೀಲಿ ಬಣ್ಣದ ಹೊಸ ಕಾರು, ಅದರ ಮೇಲೆ ನೊಣ ಕೂತರೆ ಹೆಗಲ ವಲ್ಲಿಯಿಂದ ಒರೆಸುವ ಮನುಷ್ಯ. ಹಿಂದೆಯೇ ಹಗರಿಬೊಮ್ಮನಹಳ್ಳಿಯಿಂದ ಒಂದು ಸ್ಕೂಟಿ ಬಂತು. ಓಡಿಸುತ್ತಿದ್ದವಳು ಸುಧಾ, ಹಡಗಲಿಯ ಆಸ್ಪತ್ರೆಯಲ್ಲಿ ನರ್ಸ್. ಹಿಂದೆ ಕೂತವರು ಅವಳ ತಂದೆ, ಪಂಪ್‌ಸೆಟ್ ಅಂಗಡಿಯ ಚನ್ನಬಸಪ್ಪ. ಅವರೂ ನನಗೆ ಹಳಬರೇ. ಸ್ಕೂಟಿಯ ಕೊಕ್ಕೆಗೆ ಒಂದು ಬಟ್ಟೆಯ ಚೀಲ ತೂಗುತ್ತಿತ್ತು. ಹಾಲೇಶಪ್ಪನವರ ಮಗ ಪ್ರಕಾಶನಿಗೂ ಸುಧಾಳಿಗೂ ನಿಶ್ಚಯವಾಗಿದೆ ಎಂದು ಕೇಳಿದ್ದೆ. ನಗುತ್ತಾ, "ಬರ್ರಿ ಬರ್ರಿ, ಬೀಗರಿಬ್ಬರೂ ಕೂಡೇ ಬಂದೀರಿ" ಎಂದೆ. ಇಬ್ಬರೂ ನಗಲಿಲ್ಲ.

ವಿಷಯ ಹೊರಬಂತು. ನಿಶ್ಚಯದ ದಿನ ಫೋಟೋ ತೆಗೆಸಿಕೊಳ್ಳುವ ಸಂಭ್ರಮದಲ್ಲಿ ಹೆಣ್ಣಿನ ಕಡೆಯ ಹೆಂಗಸರು ಹಣ್ಣು, ಕಾಯಿ ತುಂಬಿದ ಹಿತ್ತಾಳೆ ತಟ್ಟೆಯನ್ನು ಹಾಲೇಶಪ್ಪನವರ ಕಾರಿನ ಬಾನೆಟ್ ಮೇಲಿಟ್ಟು, ಆಮೇಲೆ ಎತ್ತದೆ ಸರ್ರನೆ ಎಳೆದುಕೊಂಡಿದ್ದರು. ಒಂದು ಗೆರೆ ಬಿದ್ದಿತ್ತು. ಹಾಲೇಶಪ್ಪ ನೂರು ಜನರೆದುರಿಗೆ, "ಕಣ್ಣು ಮನೆಯಾಗೆ ಇಟ್ಟು ಬಂದೀರೇನು?" ಎಂದುಬಿಟ್ಟಿದ್ದರು. ಅನ್ನಿಸಿಕೊಂಡವರು ಚನ್ನಬಸಪ್ಪನವರ ಅಕ್ಕ, ತಾಯಿಯಿಲ್ಲದ ಸುಧಾಳನ್ನು ಸಾಕಿದವರು. ಅವರು ಅತ್ತುಕೊಂಡು ಒಳಗೆ ಹೋದರು. ಚನ್ನಬಸಪ್ಪ ಅಲ್ಲೇ ಹೇಳಿದ್ದರು, ಒಂದು ಗೆರೆಗೆ ಇಷ್ಟು ಮಾತಾಡುವ ಮನೆಗೆ ಮಗಳನ್ನು ಕೊಡುವುದಿಲ್ಲ ಎಂದು.

ನನ್ನೆದುರು ಮತ್ತೆ ಅದನ್ನೇ ಹೇಳಿದರು. "ನೋಡು ಕೊಟ್ರಪ್ಪ, ಗೆರಿ ನಮ್ಮೋರ ಮಾಡ್ಯಾರ, ನಾನ ನಿಂತು ತೆಗಸ್ತೀನಿ. ಗೆರಿ ಹೋತು ಅಂದಕೂಡ್ಲೇ ಅವರು ಉಡಿಸಿದ ನಿಶ್ಚಯದ ಸೀರಿ ಆ ಚೀಲದಾಗ ಐತಿ, ಅವರ ಕೈಗೆ ಕೊಡ್ತೀನಿ. ಅಲ್ಲಿಗೆ ಮುಗೀತು."

"ಮುಗೀಲಿ ಬಿಡಪ್ಪ," ಎಂದರು ಹಾಲೇಶಪ್ಪ, ನನ್ನ ಕಡೆ ನೋಡುತ್ತಾ.

ನಾನು ಗೆರೆಯ ಮೇಲೆ ಉಗುರು ಎಳೆದು ನೋಡಿದೆ. ಉಗುರು ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಹಾಗಿದ್ದರೆ ಗೆರೆ ಮೇಲಿನದು, ಮಶೀನಿಗೆ ಅರ್ಧ ತಾಸಿನ ಕೆಲಸ. ತರುತ್ತೇನೆಂದು ಖೋಲಿಯ ಕಡೆ ಹೊರಟೆ. ತೊಟ್ಟಿಯಲ್ಲಿ ಕೈ ತೊಳೆಯುವ ನೆಪದಲ್ಲಿ ಸುಧಾ ಹಿಂದೆ ಬಂದಳು.

"ಕಾಕಾ, ಮಶೀನ್ ತೆಗೀಬ್ಯಾಡ್ರಿ. ಕೈಲೆ ಮಾಡ್ರಿ."

"ಕೈಲೆ ಮಾಡಿದ್ರ ಸಂಜಿ ಆಗ್ತೈತಲ್ಲವ್ವಾ."

"ಅದಕ್ಕ ಹೇಳಿದ್ದು. ಇಬ್ಬರೂ ಆವತ್ತಿನಿಂದ ಒಬ್ಬರ ಮಕಾ ಒಬ್ಬರು ನೋಡಿಲ್ಲ. ಪ್ರಕಾಶ ಅವರಪ್ಪಗ ಹೇಳಿ ಸಾಕಾಗ್ಯಾನ, ನಾನು ನಮ್ಮಪ್ಪಗ ಹೇಳಿ ಸಾಕಾಗೇನಿ. ಅರ್ಧ ತಾಸಿನ್ಯಾಗ ಮುಗಿಸಿದ್ರ ನಮ್ಮಿಬ್ಬರದೂ ಮುಗೀತೈತ್ರಿ." ಅವಳ ಕಣ್ಣಲ್ಲಿ ನೀರಿರಲಿಲ್ಲ. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಮಾಡುವಾಗ ಹೇಳುವ ಹಾಗೆ ಹೇಳಿದಳು.

ಬರಿಗೈಯಲ್ಲಿ ವಾಪಸು ಬಂದೆ. "ಈ ಕಡುನೀಲಿ ಬಣ್ಣಕ್ಕ ಮಶೀನ್ ಬ್ಯಾಡ್ರಿ, ಬಿಸಲಾಗ ಸುತ್ತುಸುತ್ತು ಗೆರಿ ಕಾಣ್ತಾವ. ಕೈಲೆ ಮಾಡ್ತೀನಿ" ಎಂದೆ. ಪೂರಾ ಸುಳ್ಳಲ್ಲ. ಕಡು ಬಣ್ಣದ ಮೇಲೆ ಒರಟಾಗಿ ಮಶೀನು ಆಡಿಸಿದರೆ ಹಾಗಾಗುತ್ತದೆ. ನಾನು ಒರಟಾಗಿ ಆಡಿಸುವವನಲ್ಲ ಎಂಬುದನ್ನಷ್ಟೇ ಹೇಳಲಿಲ್ಲ. ಕಾರಿನ ಮೇಲೆ ಜೀವ ಇಟ್ಟ ಹಾಲೇಶಪ್ಪ ತಕ್ಷಣ ಒಪ್ಪಿದರು. ನಿಂತು ತೆಗೆಸುತ್ತೇನೆ ಎಂದು ಬಾಯಿಬಿಟ್ಟ ಚನ್ನಬಸಪ್ಪ ಹೋಗುವಂತಿರಲಿಲ್ಲ. ಬೆಂಚಿನ ಆ ತುದಿಗೆ ಒಬ್ಬರು, ಈ ತುದಿಗೆ ಒಬ್ಬರು ಕೂತರು. ನಡುವೆ ಒಂದು ಮದುವೆ ಮನೆಯೇ ಕೂಡುವಷ್ಟು ಜಾಗ.

ಮೊದಲ ಅರ್ಧ ದಿನ ಇಬ್ಬರೂ ನನ್ನ ಮೂಲಕ ಮಾತಾಡಿದರು. "ಕೊಟ್ರಪ್ಪ, ನೀರಿನ ಬಾಟ್ಲಿ ಆಕಡೆ ಐತೆ, ಕೊಡಾಕ ಹೇಳು." "ಕೊಟ್ರಪ್ಪ, ಕೊಟ್ಟೀನಿ ಅಂತ ಹೇಳು." ನಾನು ಬಾಟಲಿಗೂ ಅವರಿಗೂ ನಡುವೆ ನಿಂತು ಕೇಳುತ್ತಿದ್ದೆ.

ಅಷ್ಟರಲ್ಲಿ ಬೇವಿನ ನೆರಳು ಸರಿಯಿತು. ನನ್ನ ಅಂಗಡಿಗೆ ಚಾವಣಿ ಇಲ್ಲವಲ್ಲ, ನೆರಳು ಹೋದಲ್ಲಿಗೆ ಕಾರೂ ಹೋಗಬೇಕು. ಹಾಲೇಶಪ್ಪ ಕೀಲಿ ತೆಗೆದರು. ನಾನು ತಡೆದೆ. "ಇಂಜಿನ್ ಚಾಲೂ ಮಾಡಬ್ಯಾಡ್ರಿ, ಬಾನೆಟ್ ಕಾಯ್ತೈತಿ. ತಳ್ಳಬೇಕು." ಹತ್ತು ಹೆಜ್ಜೆ ದೂರಕ್ಕೆ ಬಾನೆಟ್ ಎಷ್ಟು ಕಾದೀತು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಸುಧಾ ಸ್ಟೇರಿಂಗ್ ಹಿಡಿದಳು. ನಾನು ನೋವಿನ ನೆಪದಲ್ಲಿ ಭುಜ ಮುಟ್ಟಿಕೊಂಡು ನಿಂತೆ. ಡಿಕ್ಕಿಗೆ ಕೈ ಕೊಟ್ಟು ಇಬ್ಬರು ಬೀಗರೂ ತಳ್ಳಿದರು. ಕಾರು ಅಲುಗಲಿಲ್ಲ.

"ಕೂಡೇ ತಳ್ಳಬೇಕ್ರಿ," ಎಂದರು ಚನ್ನಬಸಪ್ಪ, ಕಾರಿಗೆ ಹೇಳುವವರ ಹಾಗೆ. "ಒಬ್ಬರು ಈಗ, ಒಬ್ಬರು ಆಗ ತಳ್ಳಿದ್ರ ಹೆಂಗ ಹೋಗ್ತೈತಿ."

"ಹಂಗಾರೆ ನೀವು ಹೇಳ್ರಿ, ನಾ ತಳ್ಳತೀನಿ."

ಅದು ಅವರು ಒಬ್ಬರಿಗೊಬ್ಬರು ಆಡಿದ ಮೊದಲ ಮಾತು. ಕಾರು ಹೋಯಿತು.

ಮಧ್ಯಾಹ್ನ ಮಂಡಕ್ಕಿ, ಮಿರ್ಚಿ ತರಿಸಿದೆ. ಹಾಲೇಶಪ್ಪ ನಾಲ್ಕು ಕಾಳು ಬಾಯಿಗೆ ಹಾಕಿ ಮುಖ ಕಿವಿಚಿದರು. "ಇದು ನಮ್ಮ ಭಟ್ಟೀದಲ್ಲ. ಉಸುಕು ಸರಿ ಕಾದಿಲ್ಲ, ಅದಕ್ಕೆ ಮೆತ್ತಗೈತೆ." ಚನ್ನಬಸಪ್ಪ ಮಿರ್ಚಿ ಮುರಿಯುತ್ತಾ, "ನಿಶ್ಚಯದ ದಿನ ನಿಮ್ಮ ಭಟ್ಟೀದ ತರಿಸಿದ್ದೆ. ನೀವು ಒಂದ ತುತ್ತೂ ತಿನ್ನಲಿಲ್ಲ" ಎಂದರು. ಹಾಲೇಶಪ್ಪ ಪೊಟ್ಟಣವನ್ನು ಬೆಂಚಿನ ನಡುವಿಗೆ ಸರಿಸಿದರು.

ಊಟವಾದ ಮೇಲೆ ನನ್ನ ಭುಜ ನಿಜಕ್ಕೂ ಕೈಕೊಟ್ಟಿತು. ಗೆರೆ ಅಷ್ಟಿಷ್ಟು ಮಸುಕಾಗಿತ್ತು, ಇಡೀ ಬಾನೆಟ್ ಒಂದೇ ಸಮ ಬರಲು ಇನ್ನೂ ತಿಕ್ಕಬೇಕಿತ್ತು. ಇಬ್ಬರಿಗೂ ಒಂದೊಂದು ತುಂಡು ಬನಿಯನ್ ಬಟ್ಟೆ ಕೊಟ್ಟೆ. ಗಡಿಯಾರ, ಉಂಗುರ ತೆಗೆಯಿರಿ ಎಂದೆ. ಚನ್ನಬಸಪ್ಪ ತೆಗೆದರು. ಹಾಲೇಶಪ್ಪನವರ ಬಲಗೈಯಲ್ಲಿ ಹವಳದುಂಗುರ ಇತ್ತು. "ಇದು ತೆಗಿಯಂಗಿಲ್ಲ, ಜೋಯಿಸರು ಹೇಳ್ಯಾರೆ. ಎಡಗೈಲೆ ತಿಕ್ಕತೀನಿ" ಎಂದರು. ಹಾಗೇ ತಿಕ್ಕಿದರು ಕೂಡ. ನಡುನಡುವೆ ಈರುಳ್ಳಿ ರೇಟು, ಬೋರಿನ ನೀರು, ಪ್ರಕಾಶನ ಕೆಲಸ ಎಂದು ಅಷ್ಟಿಷ್ಟು ಮಾತು ಹರಿಯಿತು. ಮಾತಿನ ಗುಂಗಿನಲ್ಲಿ ಎಡಗೈ ಸೋತಾಗ ಬಟ್ಟೆ ಯಾವಾಗ ಬಲಗೈಗೆ ಬಂತೋ ಅವರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ಕಿರ್ರ್ ಎಂದಿತು.

ಹಾಲೇಶಪ್ಪ ಕೈ ಎತ್ತಿದರು. ಬಾನೆಟ್ಟಿನ ನಟ್ಟನಡುವೆ ಹೊಸ ಗೆರೆ, ತಟ್ಟೆಯ ಗೆರೆಗಿಂತ ಉದ್ದ, ಅದಕ್ಕಿಂತ ಬೆಳ್ಳಗೆ. ಸುಧಾ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ನೂರು ಜನರೆದುರಿಗೆ ತನ್ನ ಅಕ್ಕ ಕೇಳಿಸಿಕೊಂಡ ಮಾತನ್ನು ತಿರುಗಿ ಕೊಡಲು ಚನ್ನಬಸಪ್ಪನವರಿಗೆ ಇದಕ್ಕಿಂತ ಒಳ್ಳೆಯ ಸಮಯ ಬೇಕಿರಲಿಲ್ಲ. ಕಣ್ಣು ಮನೆಯಲ್ಲಿ ಇಟ್ಟು ಬಂದೀರೇನು ಎಂದಿದ್ದರೆ ಸಾಕಿತ್ತು, ಚೀಲ ಕೈಬದಲಾಗಿ ಎಲ್ಲ ಮುಗಿಯುತ್ತಿತ್ತು. ಹಾಲೇಶಪ್ಪನವರೂ ಅದನ್ನೇ ಕಾಯುವವರ ಹಾಗೆ ತಲೆ ತಗ್ಗಿಸಿ ನಿಂತಿದ್ದರು.

ಚನ್ನಬಸಪ್ಪ ಬಗ್ಗಿ ಗೆರೆ ನೋಡಿದರು. ಅದರ ಮೇಲೆ ತಮ್ಮ ಬಟ್ಟೆಯಿಟ್ಟು ಮೆಲ್ಲಗೆ ತಿಕ್ಕತೊಡಗಿದರು.

"ಇದೂ ನಮ್ಮ ತಟ್ಟೀದ," ಎಂದರು. "ಆವತ್ತ ನೋಡಿದ್ದೆ. ಹೇಳಿದ್ದಿಲ್ಲ."

ಹಾಲೇಶಪ್ಪ ತೊಟ್ಟಿಯ ಹತ್ತಿರ ಹೋದರು. ಸಾಬೂನು ಹಚ್ಚಿ, ತಿರುಚಿ, ಕಷ್ಟಪಟ್ಟು ಹವಳದುಂಗುರ ತೆಗೆದು ವಲ್ಲಿಯ ಚುಂಗಿಗೆ ಕಟ್ಟಿಕೊಂಡರು. ಮುಖ ತೊಳೆದುಕೊಂಡರು, ಬಹಳ ಹೊತ್ತು ತೊಳೆದುಕೊಂಡರು. ನನಗೆ ಆ ಇಬ್ಬರನ್ನೂ ತಬ್ಬಿಕೊಳ್ಳಬೇಕೆನ್ನಿಸಿತು. ಮೈಯೆಲ್ಲ ವ್ಯಾಕ್ಸ್ ಆಗಿತ್ತು, ಸುಮ್ಮನಿದ್ದೆ.

ಅವರು ವಾಪಸು ಬಂದಾಗ ನಾನೇ ಬಾಯಿಬಿಟ್ಟೆ. "ಹೊತ್ತಾತು, ಹೇಳ್ರಿ, ಮಶೀನ್ ತರ್ತೀನಿ. ಎರಡೂ ಗೆರಿ ಈಗ ಹೋಗ್ತಾವ."

"ಮಶೀನ್ ಬ್ಯಾಡಂದಿದ್ದೆಲ್ಲ," ಎಂದರು ಚನ್ನಬಸಪ್ಪ, ತಿಕ್ಕುತ್ತಲೇ. ಅವರಿಗೆ ಬೆಳಗ್ಗೆಯೇ ಗೊತ್ತಾಗಿತ್ತೋ ಏನೋ, ಮಗಳ ಕಡೆ ಒಮ್ಮೆ ನೋಡಿದರು. "ಇರ್ಲಿ. ಅವಸರ ಯಾರಿಗೈತಿ."

ನೆರಳು ಮತ್ತೆ ಸರಿದಿತ್ತು. ಸುಧಾ ಸ್ಟೇರಿಂಗ್ ಹಿಡಿಯಲು ಬಾಗಿಲು ತೆರೆದಳು. ಚನ್ನಬಸಪ್ಪ ಆಗಲೇ ಡಿಕ್ಕಿಗೆ ಕೈ ಕೊಟ್ಟು ನಿಂತಿದ್ದರು. ಹಾಲೇಶಪ್ಪ ಅವರ ಪಕ್ಕಕ್ಕೆ ಹೋಗುತ್ತಿದ್ದವರು ನಡುವೆ ನಿಂತು ರಸ್ತೆಯ ಅಂಚಿನಲ್ಲಿದ್ದ ಸ್ಕೂಟಿಯ ಕಡೆ ನೋಡಿದರು. ಇಳಿಬಿಸಿಲು ನೇರ ಅದರ ಮೇಲೆ ಬೀಳುತ್ತಿತ್ತು.

"ಸುಧವ್ವಾ," ಎಂದರು. ಆ ದಿನ ಅವಳನ್ನು ಅವರು ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಆ ಚೀಲ ಬಿಸಲಾಗೆ ಐತೆ ನೋಡು. ಸೀರೆ ಬಣ್ಣ ಹೋಗ್ತತೆ, ನೆಳ್ಳಿಗಿಡು."

ಅವಳು ಹೋಗಿ ಚೀಲ ತೆಗೆದು ಎದೆಗೊತ್ತಿಕೊಂಡು ತಂದಳು. ಬೆಂಚಿನ ಮೇಲಿಟ್ಟಳು, ಏನೋ ನೆನಪಾದವಳ ಹಾಗೆ ಮತ್ತೆ ಎತ್ತಿಕೊಂಡಳು, ತೊಡೆಯ ಮೇಲಿಟ್ಟುಕೊಂಡೇ ಸ್ಟೇರಿಂಗಿನ ಮುಂದೆ ಕೂತಳು. ಹಿಂದೆ ಇಬ್ಬರೂ ಕೂಡಿ ತಳ್ಳಿದರು.